ಕೆರೆ ಕಾಮೇಗೌಡರಂಥ ಹಿರಿಯರ ನೆನಪಿಗೆ ಏನು ಮಾಡಬೇಕು? ಕಮಾನು ಕಟ್ಟಿಸೋದಾ, ಹೂಳು ತೆಗೆಸೋದಾ?

ಮಳವಳ್ಳಿ ಸೀಮೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 17 ಬಂತು ಅಂದರೆ ನಮ್ಮ ಕಡೆ ಗ್ರೂಪ್‌ಗಳಲ್ಲಿ ಕಾಮೇಗೌಡರ ಫೋಟೊ ಓಡಾಡುತ್ತದೆ. 2022ರಲ್ಲಿ ಅವತ್ತೇ ಅವರು ತೀರಿಕೊಂಡರು. ಕೈಮುಗಿಯುವ ಗುರುತು ಹಾಕಿ ಎಲ್ಲರೂ ಮುಂದಕ್ಕೆ ಹೋಗುತ್ತಾರೆ. ನನಗೆ ಅಷ್ಟು ಸಾಲದು ಅನ್ನಿಸುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯವರು. ಕುರಿ ಕಾಯುತ್ತಿದ್ದರು. ಪಕ್ಕದ ಕುಂದಿನಿಬೆಟ್ಟದಲ್ಲಿ ಬೇಸಿಗೆ ಬಂದರೆ ಪ್ರಾಣಿ, ಪಕ್ಷಿಗಳಿಗೆ ಒಂದು ಗುಟುಕು ನೀರಿಲ್ಲ ಅನ್ನೋದು ಅವರ ಕಣ್ಣಿಗೆ ಬಿತ್ತು. ಮೊದಮೊದಲು ಕೋಲಿನಲ್ಲೇ ನೆಲ ಕೆದಕಿದರು. ಆಮೇಲೆ ಕುರಿ ಮಾರಿ ಹಾರೆ, ಗುದ್ದಲಿ ತಂದರು. ವರ್ಷಗಟ್ಟಲೆ ಕಟ್ಟೆ ಮೇಲೆ ಕಟ್ಟೆ, ಅಂದರೆ ಸಣ್ಣ ಸಣ್ಣ ಕೆರೆ, ತೋಡಿದರು. ಗಿಡ ನೆಟ್ಟರು. ಪ್ರಶಸ್ತಿ ಹಣ ಬಂದರೆ ಅದನ್ನೂ ಬೆಟ್ಟಕ್ಕೇ ಹಾಕಿದರು. ಹುಚ್ಚ ಅಂದವರೂ ಇದ್ದರು. ನಿಲ್ಲಿಸಲಿಲ್ಲ.

ನನ್ನ ಪ್ರಶ್ನೆ ನಮ್ಮ ಮನೆಗೆ ಸೇರಿದ್ದು. ನಮ್ಮ ತಾತನೂ ಅಕ್ಟೋಬರ್‌ನಲ್ಲೇ ಹೋದರು, ವರ್ಷ ಆಗ್ತಾ ಬಂತು. ಅವರು ಪೇಪರ್‌ನಲ್ಲಿ ಬಂದವರಲ್ಲ. ಆದರೆ ಮನೆಯ ಎಲ್ಲ ಮಕ್ಕಳ ಮದುವೆ ನಿಂತು ಮಾಡಿಸಿದವರು. ಊರ ಹಬ್ಬದ ಲೆಕ್ಕ ಬರೆದವರು. ಊರ ಹಿಂದಿನ ಕಟ್ಟೆಯನ್ನು ಯಾರೂ ಹೇಳದೆ ನೋಡಿಕೊಂಡವರು. ಮಳೆ ಶುರುವಾಗೋ ಮುಂಚೆ ಕಾಲುವೆಗೆ ಅಡ್ಡ ಬಿದ್ದ ಮುಳ್ಳು ತೆಗೆಯೋರು. ಏರಿಗೆ (ಕಟ್ಟೆಯ ಮಣ್ಣಿನ ದಂಡೆಗೆ) ಇಲಿ ಬಿಲ ಕೊರೆದಿದ್ದರೆ ಒದ್ದೆ ಮಣ್ಣು ತುಂಬಿ ಕಾಲಲ್ಲಿ ತುಳಿದು ಗಟ್ಟಿ ಮಾಡೋರು. ಈಗ ಮನೆಯವರೆಲ್ಲ ಸೇರಿ ಎರಡು ಲಕ್ಷ ಕೂಡಿಸಿದ್ದೇವೆ. ಚಿಕ್ಕಪ್ಪ ಊರ ಬಾಗಿಲಿಗೆ ತಾತನ ಹೆಸರಿನ ಕಮಾನು ಅನ್ನುತ್ತಾರೆ. ಅತ್ತೆ ಬಸ್ ನಿಲ್ದಾಣ ಅನ್ನುತ್ತಾರೆ. ನಾನು ಕಟ್ಟೆ ಹೂಳು ತೆಗೆಸೋಣ ಅನ್ನುತ್ತೇನೆ. ಮನೇಲಿ ಮಾತು ಜೋರಾಗಿದೆ. ನೀವೇನು ಹೇಳ್ತೀರಿ?

ಹೊಳೆದಂಡೆ

ಹೂಳು ತೆಗೆಸಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?

ಕೊಳ್ಳೇಗಾಲದ ಟೀಚರ್

ಅಷ್ಟು ಸುಲಭವಾಗಿ ಕಮಾನು ಬೇಡ ಅನ್ನಬೇಡಿ. ನಾನು ಮಕ್ಕಳಿಗೆ ಪಾಠ ಮಾಡುವವಳು. ಹೂಳು ತೆಗೆದ ಕಟ್ಟೆ ನೋಡಿ ಯಾವ ಮಗುವೂ "ಇದನ್ನು ಯಾರು ಮಾಡಿಸಿದರು" ಅಂತ ಕೇಳಲ್ಲ. ಕಲ್ಲಿನ ಮೇಲೆ ಹೆಸರು ಇದ್ದರೆ ಕೇಳುತ್ತದೆ. ನಮ್ಮ ಹಳೆ ಶಾಸನಗಳಲ್ಲಿ ಎಷ್ಟೋ ಕಡೆ ಅಪ್ಪನ ಪುಣ್ಯಕ್ಕೆ, ತಾಯಿಯ ಪುಣ್ಯಕ್ಕೆ ಕೆರೆ ಕಟ್ಟಿಸಿದೆ ಅಂತ ಬರೆದಿದ್ದಾರೆ. ಕೆರೆಯೂ ಇತ್ತು, ಕಲ್ಲೂ ಇತ್ತು. ಎರಡನ್ನೂ ಮಾಡಿ.

ಮಳವಳ್ಳಿ ಸೀಮೆ

ಮೇಡಂ, ಎರಡು ಲಕ್ಷದಲ್ಲಿ ಕಮಾನೇ ಮುಗಿಯಲ್ಲ. ಅದೇ ತೊಂದರೆ.

ಕೊಳ್ಳೇಗಾಲದ ಟೀಚರ್

ಕಮಾನು ಯಾಕೆ ಬೇಕು? ಏರಿ ಮೇಲೆ ಒಂದು ಕಲ್ಲು ನಿಲ್ಲಿಸಿ. ಹೆಸರು, ಇಸವಿ, ಅಷ್ಟು ಸಾಕು.

ನೀರಗಂಟಿ ಮನೆಯವನು

ನಮ್ಮದು ತಲೆತಲಾಂತರದಿಂದ ಕೆರೆ ನೀರು ಬಿಡೋಕೆ ತೂಬು ಎತ್ತಿ ಇಳಿಸೋ ಮನೆತನ. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಕಾಮೇಗೌಡರ ಕೆಲಸದಲ್ಲಿ ಜನ ಎಷ್ಟು ಕಟ್ಟೆ ಅಂತ ಎಣಿಕೆ ನೋಡುತ್ತಾರೆ. ನಾನು ನೋಡೋದು ಜೋಡಣೆ. ಬೆಟ್ಟದ ಮೇಲೊಂದು, ಕೆಳಗೊಂದು ಅಂತ ಕಟ್ಟೆ ಮಾಡಿದರು. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯಬೇಕು. ಶಾಲೆಯಲ್ಲಿ ಕಲಿತು ಮಾಡಿದ್ದಲ್ಲ. ದಿನಾ ಕುರಿ ಹಿಂದೆ ನಡೆದವರಿಗೆ ಮಳೆ ಬಂದಾಗ ನೀರು ಎಲ್ಲಿ ಹರಿಯುತ್ತೆ, ಎಲ್ಲಿ ನಿಂತುಕೊಳ್ಳುತ್ತೆ ಅಂತ ಗೊತ್ತಿರುತ್ತದೆ. ನಮ್ಮ ಸೀಮೆಯ ಕೆರೆಗಳೂ ಹೀಗೇ ಸಾಲಾಗಿವೆ. ಒಂದರ ಕೋಡಿ ಬಿದ್ದರೆ, ಅಂದರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿದರೆ, ಮುಂದಿನದಕ್ಕೆ ನೀರು. ನಡುವೆ ಒಂದು ಕಾಲುವೆ ಮುಚ್ಚಿದರೆ ಕೆಳಗಿನ ಊರೆಲ್ಲ ಒಣಗುತ್ತದೆ.

ಈಗ ನಿಮ್ಮ ವಿಷಯ. ಹೂಳು ತೆಗೆಸೋ ಮುಂಚೆ ಮೂರು ಕಡೆ ನಡೆದು ನೋಡಿ. ನೀರು ಒಳಗೆ ಬರೋ ದಾರಿ, ಏರಿ, ಕೋಡಿ. ಒಳದಾರಿ ಮುಚ್ಚಿದ್ದರೆ ಕಟ್ಟೆಯನ್ನು ಬಾವಿಯಷ್ಟು ಆಳ ಮಾಡಿದರೂ ನೀರು ಬರಲ್ಲ. ಕೋಡಿ ಕಿತ್ತು ಹೋಗಿದ್ದರೆ ಬಂದ ನೀರು ನಿಲ್ಲಲ್ಲ. ಇನ್ನೊಂದು ಮಾತು. ಜೆಸಿಬಿ ಬಂತು ಅಂತ ತಳ ಪೂರ್ತಿ ಕೆರೆಸಬೇಡಿ. ತಳದಲ್ಲಿ ಜಿಗುಟು ಮಣ್ಣಿನ ಪದರ ಇರುತ್ತದೆ. ಅದೇ ನೀರು ಹಿಡಿಯೋದು. ಅದು ಒಡೆದರೆ ಎಲ್ಲ ಇಂಗಿ ಹೋಗುತ್ತದೆ. ಮೇಲಿನ ಮೆತ್ತನೆ ಹೂಳು ಮಾತ್ರ ತೆಗೆಸಿ. ಆ ಮಣ್ಣು ಹೊಲಕ್ಕೆ ಚಿನ್ನ. ಊರಿನ ರೈತರಿಗೆ ಹೇಳಿ, ಟ್ರ್ಯಾಕ್ಟರ್ ಅವರೇ ತಂದು ಹೊತ್ತುಕೊಂಡು ಹೋಗುತ್ತಾರೆ. ಸಾಗಿಸೋ ಖರ್ಚು ಉಳಿಯಿತು.

ದೊಡ್ಡಿ ಹುಡುಗಿ

ನೀರಗಂಟಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮೂರಲ್ಲಿ ತಳ ಕೆರೆದು ಹಾಳು ಮಾಡಿದ್ದಾರೆ. ಈಗ ಅದು ಕ್ರಿಕೆಟ್ ಮೈದಾನ.

ವಿವರ ಕೇಳುವವ

ಕಾಮೇಗೌಡರು ತೋಡಿದ್ದು 14 ಕಟ್ಟೆಯೋ, 16 ಕಟ್ಟೆಯೋ? ಒಬ್ಬೊಬ್ಬರು ಒಂದೊಂದು ಬರೀತಾರೆ.

ಹಲಗೂರು ರಸ್ತೆ

ಎರಡೂ ವರದಿಗಳಲ್ಲಿ ಬಂದಿವೆ. ಮೊದಮೊದಲು ಬರೆದವರು 14 ಅಂದರು. 2020ರ ಜೂನ್ 28ರಂದು ಪ್ರಧಾನಿ ರೇಡಿಯೊದ ಮನ್ ಕೀ ಬಾತ್‌ನಲ್ಲಿ ಹೇಳಿದ್ದು 16. ಅವರು ತೋಡುತ್ತಲೇ ಇದ್ದರಲ್ಲ, ಲೆಕ್ಕ ಬದಲಾಗೋದು ಸಹಜ. ಆ ಭಾಷಣ ಆದಮೇಲೆ ಕೆಎಸ್‌ಆರ್‌ಟಿಸಿ ಅವರಿಗೆ ಬದುಕಿರುವವರೆಗೂ ಓಡಾಡೋಕೆ ಉಚಿತ ಪಾಸ್ ಕೊಟ್ಟಿತು.

ವಿವರ ಕೇಳುವವ

ಸರಿ, ಥ್ಯಾಂಕ್ಸ್. ಎಣಿಕೆ ಮುಖ್ಯ ಅಲ್ಲ ಅಂತ ನನಗೂ ಗೊತ್ತು. ಆದರೆ ಇಂಥವರ ಬಗ್ಗೆ ಸರಿಯಾಗಿ ಬರೆದಿಡಬೇಕು. ಇನ್ನು ಇಪ್ಪತ್ತು ವರ್ಷ ಬಿಟ್ಟರೆ ಯಾರೋ 60 ಕೆರೆ ಅಂತಾರೆ. ಆಗ ಇಡೀ ಕಥೆಯನ್ನೇ ಜನ ನಂಬಲ್ಲ.

ಜಯನಗರ 4ನೇ ಬ್ಲಾಕ್

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಒಬ್ಬ ವಯಸ್ಸಾದ ಮನುಷ್ಯ ಕುರಿ ಮಾರಿ ಬೆಟ್ಟಕ್ಕೆ ನೀರು ತರಬೇಕಾಯಿತು ಅಂದರೆ ಅದು ನಮ್ಮೆಲ್ಲರ ಸೋಲು. ತೆರಿಗೆ ಕಟ್ಟುತ್ತೇವೆ. ಸಣ್ಣ ನೀರಾವರಿ ಇಲಾಖೆ ಇದೆ, ಪಂಚಾಯಿತಿ ಇದೆ. ಕೆರೆ ನೋಡಿಕೊಳ್ಳೋಕೆ ಅಂತಲೇ 2014ರಲ್ಲಿ ಕಾಯ್ದೆ ಮಾಡಿ ಪ್ರಾಧಿಕಾರ ಮಾಡಿದರು. ಆದರೂ ಹೊಗಳಿಕೆ ಮಾತ್ರ ಒಬ್ಬನಿಗೆ, ಕೆಲಸವೂ ಅವನೊಬ್ಬನದೇ. ಮೊದಲು ಪಂಚಾಯಿತಿಗೆ ಹೋಗಿ ಕೇಳಿ. ಮನೆ ದುಡ್ಡು ಯಾಕೆ ಹಾಕಬೇಕು?

ಹೊಳೆದಂಡೆ

ಪಂಚಾಯಿತಿ ಬರೋವರೆಗೂ ಕುರಿಗೆ ಬಾಯಾರಿಕೆ ನಿಲ್ಲುತ್ತಾ ಸಾರ್?

ಜಯನಗರ 4ನೇ ಬ್ಲಾಕ್

ಕೇಳದೇ ಇದ್ದರೆ ಅವರು ಯಾವತ್ತೂ ಬರಲ್ಲ. ಕೇಳೋದು ತಪ್ಪಾ?

ಪಂಚಾಯಿತಿ ಮೆಂಬರ್

ಒಂದು ಅವಧಿಗೆ ಸದಸ್ಯನಾಗಿದ್ದೆ, ಅದಕ್ಕೆ ಹೇಳುತ್ತೇನೆ. ಇಬ್ಬರ ಮಾತೂ ನಿಜ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಊರಿನ ಕಟ್ಟೆ, ಗೋಕಟ್ಟೆಗಳ ಹೂಳು ತೆಗೆಸಿದ್ದೇವೆ. ಆದರೆ ಕೆಲಸ ಕ್ರಿಯಾ ಯೋಜನೆಗೆ ಸೇರಬೇಕು. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಹೇಳಬೇಕು. ನಮ್ಮ ಸಭೆಗಳಲ್ಲಿ ಎದ್ದವರೆಲ್ಲ ಕೇಳಿದ್ದು ಚರಂಡಿ, ಬೀದಿ ದೀಪ, ಮನೆ. ಕಟ್ಟೆ ಬೇಕು ಅಂದವರು ವಯಸ್ಸಾದವರು ಒಬ್ಬಿಬ್ಬರು. ಅವರ ಮಾತನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಮುಖ್ಯವಾದ ವಿಷಯ ಇನ್ನೊಂದಿದೆ. ಮನೆ ದುಡ್ಡೇ ಹಾಕಿದರೂ ಜಾಗ ಯಾರದು ಅಂತ ನೋಡಿಕೊಳ್ಳಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಕಟ್ಟೆ ಪಕ್ಕ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಪಹಣಿ ತೆಗೆಸಿ. ಅರಣ್ಯ ಅಂತಿದ್ದರೆ ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಒಂದು ಬಾಂಡ್ಲಿ ಮಣ್ಣೂ ಎತ್ತಬೇಡಿ. ಗೋಮಾಳವಾದರೆ ತಹಶೀಲ್ದಾರ್ ಕಚೇರಿ. ಪಂಚಾಯಿತಿಗೆ ಸೇರಿದ ಕಟ್ಟೆಯಾದರೆ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಬಾಯಿ ಮಾತಿನ ಒಪ್ಪಿಗೆ ನಂಬಬೇಡಿ.

ಮಳವಳ್ಳಿ ಸೀಮೆ

ಇದು ತುಂಬಾ ಉಪಯೋಗ ಆಯ್ತು ಅಣ್ಣ. ಪಂಚಾಯಿತಿದೇ ಇರಬೇಕು. ನೋಡುತ್ತೇನೆ.

ಹಾಸನದ ಸೊಸೆ

ಎಲ್ಲರೂ ತಾತಂದಿರನ್ನೇ ನೆನೆಯುತ್ತಿದ್ದೀರಿ. ನಾನು ಒಂದು ಮಾತು ಹೇಳಲೇಬೇಕು.

ನಮ್ಮ ಮಾವನೂ ಊರಿಗೆ ಬೇಕಾದವರಾಗಿದ್ದರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗೋರು. ಶಾಲೆಗೆ ಕಟ್ಟಡ ಬೇಕು ಅಂದರೆ ಮೊದಲು ದುಡ್ಡು ಕೊಡೋರು. ದೇವಸ್ಥಾನದ ಜೀರ್ಣೋದ್ಧಾರ ಅಂತ ತಿಂಗಳುಗಟ್ಟಲೆ ಮನೆಗೇ ಸರಿಯಾಗಿ ಬರುತ್ತಿರಲಿಲ್ಲ. ಹೋದಾಗ ಇಡೀ ಊರು ಅತ್ತಿತು. ನಾನೂ ಅತ್ತೆ. ಆದರೆ ಅವರು ಹೊರಗೆ ನಿಂತು ಇಷ್ಟೆಲ್ಲ ಮಾಡೋವಾಗ ಹಾಲು ಕರೆದು ಡೇರಿಗೆ ಹಾಕಿ, ಅದರ ಬಟವಾಡೆಯಲ್ಲಿ ಮಕ್ಕಳ ಫೀಸು ಕಟ್ಟಿದ್ದು ನಮ್ಮ ಅತ್ತೆ. ಮಾವ ಹೊತ್ತಲ್ಲದ ಹೊತ್ತಲ್ಲಿ ಜನರನ್ನು ಕರೆದುಕೊಂಡು ಬಂದರೆ ಮುದ್ದೆ ತಿರುವಿದ್ದೂ ಅವರೇ. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದರೂ ಅವರ ಹೆಸರು ಹೇಳಲಿಲ್ಲ. ಮುಂದಿನ ಸಾಲಲ್ಲೇ ಕೂತಿದ್ದರು.

ಕುರಿ ಮಾರಿ ಕಟ್ಟೆ ತೋಡಿದರು ಅಂತ ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಆ ಕುರಿ ಒಬ್ಬರದಾಗಿರಲಿಲ್ಲ, ಇಡೀ ಮನೆಯದು. ಮನೆಯವರೂ ಅಷ್ಟೇ ಕೊಟ್ಟಿದ್ದಾರೆ.

ಹೊಳೆದಂಡೆ

ಅಕ್ಕ, ಹಾಗಂದರೆ ಊರ ಕೆಲಸ ಮಾಡೋದೇ ತಪ್ಪು ಅನ್ನೋ ಹಾಗಾಯ್ತಲ್ಲ. ಆಗ ಯಾರೂ ಮುಂದೆ ಬರಲ್ಲ.

ಹಾಸನದ ಸೊಸೆ

ತಪ್ಪು ಅಂತ ನಾನು ಎಲ್ಲಿ ಹೇಳಿದೆ? ಲೆಕ್ಕದಲ್ಲಿ ಎಲ್ಲರ ಹೆಸರೂ ಬರಲಿ ಅಂದೆ.

ಕೊಳ್ಳೇಗಾಲದ ಟೀಚರ್

ಹಾಸನದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಕಾಮೇಗೌಡರ ವಿಷಯದಲ್ಲಿ ಒಂದು ಸೇರಿಸಬೇಕು. ಅವರು ಕಟ್ಟೆಗಳಿಗೆ ಮೊಮ್ಮಕ್ಕಳ ಹೆಸರು ಇಟ್ಟಿದ್ದರು. ನಾನು ಓದಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ದಾನಿಗಳು ಅಪ್ಪನ ಹೆಸರು, ತಾತನ ಹೆಸರು ಕೆತ್ತಿಸೋದು ನೋಡಿದ್ದೇವೆ. ಇವರು ಮುಂದಿನವರ ಹೆಸರು ಇಟ್ಟರು. ಮನೆ ಬೇರೆ, ಬೆಟ್ಟ ಬೇರೆ ಅಂತ ಅವರಿಗೆ ಇರಲಿಲ್ಲ ಅಂತ ನನಗನ್ನಿಸುತ್ತೆ. ನಮ್ಮ ಹೆಸರಿನ ಕಟ್ಟೆ ಅಂದರೆ ಯಾವ ಮಗು ಹೋಗಿ ನೋಡಲ್ಲ ಹೇಳಿ?

ಮಾಗಡಿ ಕಡೆಯವ

ಮನೆಯವರ ಹೆಸರು ಅಂದಿರಲ್ಲ, ಸಾಲುಮರದ ತಿಮ್ಮಕ್ಕ ನೆನಪಾದರು. ಹುಲಿಕಲ್‌ನಿಂದ ಕುದೂರಿನ ಕಡೆ ಹೋಗೋ ರಸ್ತೆಯ ಆಲದ ಸಾಲು ನಮಗೆ ದಿನಾ ಓಡಾಡೋ ದಾರಿ. 385 ಮರ ಅಂತ ಎಲ್ಲರೂ ಹೇಳುತ್ತಾರೆ. ಗಿಡ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಬೆಳೆಸಿದ್ದು ಗಂಡ ಹೆಂಡತಿ ಇಬ್ಬರೂ ಸೇರಿ. ಯಜಮಾನರು ಚಿಕ್ಕಯ್ಯ 1991ರಲ್ಲೇ ಹೋದರು. ಹೆಸರು ಬಂದಿದ್ದು, 2019ರಲ್ಲಿ ಪದ್ಮಶ್ರೀ ಬಂದಿದ್ದು ಎಲ್ಲ ಅವರು ಹೋದಮೇಲೆ. ಇಲ್ಲಿ ಮರೆತಿರೋದು ಗಂಡನ ಹೆಸರನ್ನು. ತಿಮ್ಮಕ್ಕನವರೂ 2025ರ ನವೆಂಬರ್‌ನಲ್ಲಿ ಹೋದರು. ಮರಗಳು ಇವೆ.

ಅಡ್ಯನಡ್ಕ ಭಟ್ರು

ನಮ್ಮ ಕಡೆಯ ಅಮೈ ಮಹಾಲಿಂಗ ನಾಯ್ಕರನ್ನು ಹೇಳದಿದ್ದರೆ ಹೇಗೆ! ಬಂಟ್ವಾಳ ತಾಲೂಕು ಕೇಪು ಗ್ರಾಮದವರು. ತೋಟದ ಕೆಲಸಕ್ಕೆ ಹೋಗಿ ಬಂದು, ತಮಗೆ ಸಿಕ್ಕಿದ ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದವರು. ಒಂದಾದ ಮೇಲೊಂದು ಸುರಂಗ ಒಣಗಿದ್ದೇ ಬಂತು. ಆದರೂ ಬಿಡದೆ ಕೊರೆದು ನೀರು ತಂದರು. ಈಗ ಅಡಿಕೆ ತೋಟ ಇದೆ. 2022ರಲ್ಲಿ ಪದ್ಮಶ್ರೀ ಕೊಟ್ಟರು. ನಮ್ಮ ಕರಾವಳಿಯಲ್ಲಿ ಸುರಂಗ ಅಂದರೆ ಗುಡ್ಡಕ್ಕೆ ಅಡ್ಡಡ್ಡ ಕೊರೆಯುವುದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿಯೇ ಹೊರಗೆ ಬರುತ್ತದೆ.

ದೊಡ್ಡಿ ಹುಡುಗಿ

ಭಟ್ರೇ, ಅವರದು ಸ್ವಂತ ಜಮೀನಿಗೆ ಅಲ್ವಾ? ಕಾಮೇಗೌಡರದು ಊರ ಬೆಟ್ಟ. ಎರಡೂ ಒಂದೇ ಅಲ್ಲ.

ಅಡ್ಯನಡ್ಕ ಭಟ್ರು

ಹೌದು ತಂಗಿ, ಸ್ವಂತ ಜಾಗವೇ. ಆದರೆ ಅವರನ್ನು ನೋಡಿ ಎಷ್ಟು ಜನ ಇಂಗುಗುಂಡಿ ಮಾಡಿದ್ದಾರೆ ಗೊತ್ತುಂಟಾ? ಅದೂ ಊರ ಕೆಲಸವೇ ಅಂತ ನನ್ನ ಲೆಕ್ಕ.

ಬಂಡೂರು ಮರಿ

ವಿಷಯ ಬಿಟ್ಟು ಒಂದು ಮಾತು. ಮಳವಳ್ಳಿ, ಕುರಿ ಅಂತ ಓದಿದ ಕೂಡಲೇ ಬಂದೆ. ನಮ್ಮ ಬಂಡೂರು ಕುರಿ ಆ ತಾಲ್ಲೂಕಿನದೇ. ಗಿಡ್ಡ ಕಾಲು, ಅಗಲ ಮೈ. ಮಾಂಸಕ್ಕೆ ಅದರ ಮುಂದೆ ಬೇರೆ ಯಾವುದೂ ಇಲ್ಲ.

ಹೊಳೆದಂಡೆ

ಬನ್ನೂರು ಕುರಿ ಅಂತಾರಲ್ಲ, ಅದಾ?

ಬಂಡೂರು ಮರಿ

ಅದೇ. ಬನ್ನೂರಿನ ಹೆಸರು ಜಾಸ್ತಿ ಓಡಾಡುತ್ತೆ, ತಳಿಗೆ ಹೆಸರು ಕೊಟ್ಟ ಬಂಡೂರು ಮಳವಳ್ಳಿ ತಾಲ್ಲೂಕಲ್ಲಿದೆ. ಈಗ ಪೇಟೆಯಲ್ಲಿ ಬಂಡೂರು ಅಂತ ಮಾರೋದರಲ್ಲಿ ಎಷ್ಟೋ ಬೆರಕೆ. ಸರಿ, ಕಟ್ಟೆ ವಿಷಯಕ್ಕೆ ವಾಪಸ್ ಹೋಗೋಣ. ಕುರಿ ಇಳಿಯೋ ದಾರಿ ಮರೆಯಬೇಡಿ. ಹೂಳು ತೆಗೆಯೋವಾಗ ದಂಡೆ ನೆಟ್ಟಗೆ ಕತ್ತರಿಸಿ ಬಿಡುತ್ತಾರೆ. ನೀರು ಕಡಿಮೆ ಆದಾಗ ಕುರಿ ಬಗ್ಗಿ ಕುಡಿಯೋಕೆ ಹೋಗಿ ಜಾರಿ ಬೀಳುತ್ತವೆ, ಮೇಲೆ ಹತ್ತೋಕೆ ಆಗಲ್ಲ. ಒಂದು ಕಡೆಯಾದರೂ ಇಳಿಜಾರು ಬೇಕೇ ಬೇಕು.

ಲೆಕ್ಕದ ಮೇಷ್ಟ್ರು

ಇಲ್ಲಿ ಯಾರೂ ನೀರಿನ ಲೆಕ್ಕ ಹಾಕಿಲ್ಲ, ನಾನು ಹಾಕುತ್ತೇನೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಒಳ್ಳೆ ಮಳೆ, 25 ಮಿ.ಮೀ. ಅಂದುಕೊಳ್ಳಿ. ಒಂದು ಎಕರೆ ಮೇಲೇ 1 ಲಕ್ಷ ಲೀಟರ್ ಬೀಳುತ್ತದೆ. ಎಲ್ಲವೂ ಕಟ್ಟೆಗೆ ಬರಲ್ಲ. ಮೆತ್ತನೆ ಮಣ್ಣಾದರೆ ಹೆಚ್ಚು ಇಂಗುತ್ತದೆ, ಬಂಡೆ ಇರೋ ಬೆಟ್ಟವಾದರೆ ಹೆಚ್ಚು ಹರಿಯುತ್ತದೆ. ಒಂದು ಕುರಿಗೆ ಬೇಸಿಗೆಯಲ್ಲಿ ದಿನಕ್ಕೆ 4–5 ಲೀಟರ್ ಬೇಕು. 100 ಕುರಿಗೆ 500 ಲೀಟರ್. ಅಂದರೆ 1 ಲಕ್ಷ ಲೀಟರ್ 200 ದಿನಕ್ಕೆ ಸಾಕು.

ಆದರೆ ಬಿಸಿಲು ಬಿಡಲ್ಲ. ಕಡು ಬೇಸಿಗೆಯಲ್ಲಿ ದಿನಕ್ಕೆ 6–8 ಮಿ.ಮೀ. ನೀರು ಆವಿಯಾಗುತ್ತದೆ. ತಿಂಗಳಿಗೆ ಹತ್ತಿರ ಹತ್ತಿರ 20 ಸೆಂ.ಮೀ. ಅದಕ್ಕೇ ಅಗಲವಾಗಿ ತೆಳ್ಳಗೆ ಹರಡಿದ ಕಟ್ಟೆ ಬೇಗ ಒಣಗುತ್ತದೆ. ಹೂಳು ತುಂಬಿದ ಕಟ್ಟೆಯ ಕಷ್ಟ ಇದೇ. ನೋಡೋಕೆ ದೊಡ್ಡದು, ನೀರು ಮೊಣಕಾಲಷ್ಟು.

ನೀರಗಂಟಿ ಮನೆಯವನು

ಮೇಷ್ಟ್ರೇ, ಈ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದುಕೊಡಿ. ಗ್ರಾಮಸಭೆಯಲ್ಲಿ ಓದಿ ಹೇಳಬಹುದು. ಜನ ಕೇಳ್ತಾರೆ.

ಅಬುಧಾಬಿ ಕನ್ನಡಿಗ

ನಮ್ಮ ಊರು ಕೆ.ಆರ್. ಪೇಟೆ. ಹದಿನೈದು ಸಾವಿರ ಕಳಿಸೋಕೆ ನಾನು ರೆಡಿ. ಒಂದು ಐಡಿಯಾ. ಪೂರ್ತಿ ಸಿಮೆಂಟ್ ಹಾಕಿಸಿಬಿಡಿ, ಇಲ್ಲವೇ ಕೃಷಿ ಹೊಂಡಕ್ಕೆ ಹಾಕೋ ಹಾಗೆ ಪ್ಲಾಸ್ಟಿಕ್ ಹಾಳೆ. ಒಂದು ಸಲ ಖರ್ಚು, ಆಮೇಲೆ ನೀರು ಇಂಗೋದೇ ಇಲ್ಲ.

ನೀರಗಂಟಿ ಮನೆಯವನು

ದಯವಿಟ್ಟು ಬೇಡ. ನಿಮ್ಮ ಮನಸ್ಸು ದೊಡ್ಡದು, ಆದರೆ ಊರ ಕಟ್ಟೆಗೆ ಅದು ಆಗಿ ಬರಲ್ಲ. ಪ್ಲಾಸ್ಟಿಕ್ ಮೇಲೆ ಕಾಲಿಟ್ಟರೆ ದನವೂ ಜಾರುತ್ತೆ, ಮನುಷ್ಯನೂ ಜಾರುತ್ತಾನೆ. ಕೃಷಿ ಹೊಂಡಗಳಲ್ಲಿ ಮಕ್ಕಳು ಬಿದ್ದು ಪ್ರಾಣ ಹೋದ ಸುದ್ದಿ ಎಷ್ಟು ಸಲ ಓದಿಲ್ಲ ನಾವು? ಅದಕ್ಕೇ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ಸಹಾಯಧನ ಇಟ್ಟರು. ಊರ ಕಟ್ಟೆಗೆ ಬೇಲಿ ಹಾಕಿದರೆ ಕುರಿ ಎಲ್ಲಿಂದ ಇಳಿಯಬೇಕು? ಸ್ವಲ್ಪ ಇಂಗಲಿ. ಇಂಗಿದ ನೀರು ಸುತ್ತಲಿನ ಬಾವಿಗೆ ಸಿಗುತ್ತದೆ.

ಅಬುಧಾಬಿ ಕನ್ನಡಿಗ

ಒಪ್ಪಿದೆ. ಹಾಗಾದರೆ ನನ್ನ ದುಡ್ಡು ಏರಿ ಮೇಲೆ ಗಿಡ ನೆಡೋಕೆ ಬಳಸಿ.

ದೊಡ್ಡಿ ಹುಡುಗಿ

ಏರಿ ಮೇಲೆ ದೊಡ್ಡ ಮರ ಬೇಡ ಅಣ್ಣ. ಬೇರು ಏರಿಯನ್ನು ಸೀಳುತ್ತೆ. ಮರ ಸತ್ತು ಬೇರು ಕೊಳೆತರೆ ಅದೇ ಜಾಗದಲ್ಲಿ ನೀರು ಸೋರೋಕೆ ಶುರು. ಏರಿಗೆ ಲಾವಂಚ ಹಾಕಿ, ಮಣ್ಣು ಹಿಡಿಯುತ್ತೆ. ಹೊಂಗೆ, ನೇರಳೆ, ಆಲ ಎಲ್ಲ ಸ್ವಲ್ಪ ದೂರದಲ್ಲಿ ನೆಡಿ. ಕುರಿ ಕಾಯೋರಿಗೂ ನೆರಳಾಗುತ್ತೆ.

ಜಯನಗರ 4ನೇ ಬ್ಲಾಕ್

ಇಷ್ಟು ತಿಳಿದವರು ಇಲ್ಲೇ ಇದ್ದೀರಿ. ನನಗೆ ಇನ್ನೂ ಅನ್ನಿಸುತ್ತೆ, ಇದನ್ನು ಸರ್ಕಾರದಿಂದಲೇ ಮಾಡಿಸಬೇಕು ಅಂತ. ಮನೆಯವರು ಒಂದು ಸಲ ಹೂಳು ತೆಗೆಸುತ್ತಾರೆ. ಐದು ವರ್ಷ ಆದಮೇಲೆ ಮತ್ತೆ ಯಾರು ತೆಗೆಸುತ್ತಾರೆ? ತಾತ ಇದ್ದಾಗ ಪ್ರತಿ ವರ್ಷ ನೋಡಿಕೊಳ್ಳುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಆ ಕೆಲಸಕ್ಕೆ ಈಗ ಯಾರಿದ್ದಾರೆ?

ಮಳವಳ್ಳಿ ಸೀಮೆ

ಸಾರ್, ನೀವು ಕೇಳಿದ ಪ್ರಶ್ನೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಬೆಂಗಳೂರಲ್ಲಿ ಕೆಲಸ, ತಮ್ಮ ಮೈಸೂರಲ್ಲಿ. ಊರಲ್ಲಿ ಇರೋದು ಚಿಕ್ಕಪ್ಪ ಮಾತ್ರ. ಕಮಾನು ಬೇಕು ಅಂದವರೂ ಅವರೇ.

ಪಂಚಾಯಿತಿ ಮೆಂಬರ್

ಹಾಗಾದರೆ ಚಿಕ್ಕಪ್ಪನವರನ್ನೇ ಮುಂದೆ ಬಿಡಿ. ಅರ್ಜಿ ಅವರ ಹೆಸರಲ್ಲಿ ಹೋಗಲಿ. ದುಡ್ಡು ಪೂರ್ತಿ ಒಂದೇ ಸಲ ಖರ್ಚು ಮಾಡಬೇಡಿ. ಅರ್ಧ ಹೂಳಿಗೆ, ಕೋಡಿ ರಿಪೇರಿಗೆ. ಉಳಿದ ಅರ್ಧ ಊರ ಸೊಸೈಟಿಯಲ್ಲೋ ಬ್ಯಾಂಕಲ್ಲೋ ಠೇವಣಿ ಇಡಿ. ಬಡ್ಡಿ ಕಮ್ಮಿ ಬರಬಹುದು. ಆದರೂ ಪ್ರತಿ ವರ್ಷ ಕಾಲುವೆ ಸವರೋಕೆ ಇಬ್ಬರು ಆಳಿನ ಕೂಲಿ ಅದರಲ್ಲಿ ಹೊರಡುತ್ತೆ.

ಕೊಳ್ಳೇಗಾಲದ ಟೀಚರ್

ಆ ಕಾಲುವೆ ಸವರೋ ದಿನವನ್ನು ತಾತ ಹೋದ ದಿನಕ್ಕೆ ಇಟ್ಟುಕೊಳ್ಳಿ. ಎಡೆ ಇಡೋಕೆ ಎಲ್ಲರೂ ಹೇಗೂ ಊರಿಗೆ ಬರ್ತೀರಿ.

ನೀರಗಂಟಿ ಮನೆಯವನು

ಅಕ್ಟೋಬರಲ್ಲಾ? ಆಗ ನಮ್ಮ ಕಡೆ ಮಳೆ ಜೋರು, ಕಟ್ಟೆ ತುಂಬಿರುತ್ತೆ. ಕಾಲುವೆ ಕೆಲಸ ಮೇ ಒಳಗೆ ಆಗಬೇಕು. ಹೂಳು ತೆಗೆಯೋದು ಯುಗಾದಿ ಆಸುಪಾಸು, ತಳ ಒಣಗಿ ಬಿರುಕು ಬಿಟ್ಟ ಮೇಲೆ. ಒದ್ದೆ ಇದ್ದಾಗ ಜೆಸಿಬಿ ಇಳಿಸಿದರೆ ಹೂತುಕೊಳ್ಳುತ್ತೆ. ಗಂಟೆಗೆ ಸಾವಿರದ ಮೇಲೆ ಬಾಡಿಗೆ, ಅರ್ಧ ದಿನ ಅದನ್ನು ಎತ್ತೋದರಲ್ಲೇ ಹೋಗುತ್ತೆ.

ಹಾಸನದ ಸೊಸೆ

ಅಜ್ಜಿ ಇದ್ದಾರಾ? ಅವರನ್ನು ಕೇಳಿದ್ದೀರಾ?

ಮಳವಳ್ಳಿ ಸೀಮೆ

ಇದ್ದಾರೆ ಅಕ್ಕ. ನೀವು ಬರೆದ ಮೇಲೆ ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದೆ. ಕಮಾನು, ಬಸ್ ನಿಲ್ದಾಣ, ಕಟ್ಟೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬಡಗಲ ಕಡೆ ದನ ಇಳಿಯೋ ಕಲ್ಲು ಕಿತ್ತೋಗದೆ, ಮೊದಲು ಅದ ಸರಿ ಮಾಡ್ಸಿ" ಅಂದರು. ನಿಮ್ಮ ತಾತ ಎರಡು ಬೇಸಿಗೆಯಿಂದ ಅದನ್ನೇ ಹೇಳ್ತಿದ್ದರು, ಮಂಡಿನೋವು ಬಂದು ಕೈಲಾಗಲಿಲ್ಲ ಅಂತಾನೂ ಹೇಳಿದರು. ನಮಗೆ ಯಾರಿಗೂ ಆ ಕಲ್ಲಿನ ವಿಷಯ ಗೊತ್ತಿರಲಿಲ್ಲ. ಆಮೇಲೆ ಚಿಕ್ಕಪ್ಪನಿಗೂ ಅಜ್ಜಿಯೇ ಹೇಳಿದ್ದಾರೆ. ಈಗ ಅವರು ಕಮಾನಿನ ಮಾತು ಎತ್ತುತ್ತಿಲ್ಲ, ಕಲ್ಲು ಎಲ್ಲಿ ಸಿಗುತ್ತೆ ಅಂತ ವಿಚಾರಿಸುತ್ತಿದ್ದಾರೆ.

ಹಾಸನದ ಸೊಸೆ

ಏರಿ ಮೇಲಿನ ಕಲ್ಲಿಗೆ ಅಜ್ಜಿ ಹೆಸರೂ ಕೆತ್ತಿಸಿ.

ಮಳವಳ್ಳಿ ಸೀಮೆ

ಇಬ್ಬರದೂ ಹಾಕಿಸ್ತೀವಿ. ಮೊಮ್ಮಕ್ಕಳದು ಬೇಡ, ನಾವು ಇಪ್ಪತ್ತು ಜನಕ್ಕೂ ಮೇಲಿದ್ದೇವೆ, ಕಲ್ಲು ಸಾಲದು.

ಬಂಡೂರು ಮರಿ

ದನ ಇಳಿಯೋಕೆ ನುಣುಪು ಕಲ್ಲು ಹಾಕಿಸಬೇಡಿ. ಉಳಿಯಲ್ಲಿ ಗೀರು ಹೊಡೆಸಿರೋ ಚಪ್ಪಡಿ ಕೇಳಿ.

ವಿವರ ಕೇಳುವವ

ಕೆಲಸ ಶುರು ಮಾಡೋ ಮುಂಚೆ ಒಂದು ಫೋಟೊ, ಆದಮೇಲೆ ಒಂದು ಫೋಟೊ ಇಲ್ಲಿ ಹಾಕಿ. ಖರ್ಚಿನ ಲೆಕ್ಕವೂ ಬರೆಯಿರಿ, ಬೇರೆ ಊರಿನವರಿಗೆ ಅನುಕೂಲ ಆಗುತ್ತೆ.

ಹಲಗೂರು ರಸ್ತೆ

ಮಳವಳ್ಳಿ ಕಡೆ ಒಳ್ಳೆ ಜೆಸಿಬಿ ಡ್ರೈವರ್ ಒಬ್ಬರು ಗೊತ್ತು. ತಳ ಒಡೆಯದ ಹಾಗೆ ಹೂಳು ಎತ್ತುತ್ತಾರೆ. ಯುಗಾದಿಗೆ ಹದಿನೈದು ದಿನ ಇರೋವಾಗ ನನಗೆ ಮೆಸೇಜ್ ಮಾಡಿ, ಮಾತಾಡಿ ಕೊಡ್ತೀನಿ.